ಬಾಗಿಲ ಮುಂದೆ ಕೂತವರು

ಕಾಲರನ್ನು ತಿರುಗಾಮುರುಗಾ ಹೊಲಿದುಬಿಟ್ಟಿದ್ದೇನೆಂದು ಅವಳಿಗೆ ಗೊತ್ತಾದದ್ದು ದಾರ ಕತ್ತರಿಸಿದ ಮೇಲೆ. ಶಾಲೆ ಮಕ್ಕಳ ಬಿಳಿ ಅಂಗಿ. ನಿದ್ದೆಗಣ್ಣಲ್ಲೂ ತಪ್ಪದಷ್ಟು ಕೈಗೆ ಕೂತ ಕೆಲಸ. ಅಂಥದ್ದು ಬೆಳಿಗ್ಗೆಯಿಂದ ಇದು ಎರಡನೆಯದು. ಬ್ಲೇಡು ಹಿಡಿದು ಬಿಚ್ಚಲು ಕೂತಳು. ಇವತ್ತು ಕಂತಿನ ದಿನ. ಜಗುಲಿ ಗುಡಿಸಬೇಕು, ಚಾಪೆ ಹಾಸಬೇಕು, ಸಾಲ ಕೊಟ್ಟ ಕಂಪನಿಯಿಂದ ಕಂತು ವಸೂಲಿಗೆ ಬರುವ ಸರ್ ಕೂರುವ ಪ್ಲಾಸ್ಟಿಕ್ ಕುರ್ಚಿಯನ್ನು ಒರೆಸಿಡಬೇಕು. ಅವರನ್ನು ಎಲ್ಲರೂ ಕಂತಿನ ಸರ್ ಎನ್ನುತ್ತಿದ್ದರು. ಎದುರಿಗೆ ಬರೀ ಸರ್. ಅವಳನ್ನು ಲೀಡರಮ್ಮ ಎನ್ನುತ್ತಿದ್ದರು. ಅದು ಎದುರಿಗೂ ಅದೇ, ಹಿಂದೆಯೂ ಅದೇ, ದನಿ ಮಾತ್ರ ಬೇರೆ. ಬ್ಲೇಡಿನ ತುದಿ ಬಟ್ಟೆಗೆ ತಾಗಿ ಚಿಕ್ಕ ತೂತಾಯಿತು. ಥತ್ ಎಂದುಕೊಂಡಳು. ಹೋದ ವಾರದಿಂದ ಹೀಗೆಯೇ. ತಟ್ಟೆಯ ಮುಂದೆ ಕೂತರೆ ಆ ಮಾತು, ಮಲಗಿದರೆ ಆ ಮಾತು, ಮೆಶಿನ್ನಿನ ಪೆಡಲ್ ತುಳಿದರೆ ಆ ಮಾತೇ ಕಟಕಟ ಎಂದು ಮತ್ತೆ ಮತ್ತೆ. ತನ್ನ ಬಾಯಿಂದ, ತನ್ನದೇ ದನಿಯಲ್ಲಿ, ನಾಲ್ಕು ಜನ ಕೇಳಲೆಂದೇ ಗಟ್ಟಿಯಾಗಿ ಆಡಿದ ಮಾತು. ಜನ ನಕ್ಕಿದ್ದರು. ನಗಲಿ ಎಂದೇ ಆಡಿದ್ದಳು.

ನಕ್ಕವರನ್ನು ಏನೆನ್ನುವುದು? ಹಾಲಿನವಳು, ಅಂಗಡಿಯಾಕೆ, ತರಕಾರಿ ಬುಟ್ಟಿ ಹೊರುವವಳು. ಅವರ ಜೊತೆಗೆ ತಾನು, ತನ್ನ ತಂಗಿ. ಐದು ಜನರ ಸಂಘ. ಅಡವಿಡಲು ಯಾರ ಬಳಿಯೂ ಏನೂ ಇರಲಿಲ್ಲ. ಒಬ್ಬರಿಗೊಬ್ಬರು ಹೊಣೆ, ಅಷ್ಟೇ ಅಡವು. ಒಬ್ಬಳು ಕಂತು ಕಟ್ಟದಿದ್ದರೆ ಉಳಿದ ನಾಲ್ವರೂ ಸೇರಿ ತುಂಬಬೇಕು; ತುಂಬದಿದ್ದರೆ ಯಾರಿಗೂ ಮುಂದಿನ ಸಾಲವಿಲ್ಲ. ಇದನ್ನು ಕಂತಿನ ಸರ್ ಮೊದಲ ದಿನ ವಿವರಿಸಿದಾಗ ಎಷ್ಟು ಚೆನ್ನಾಗಿ ಕೇಳಿಸಿತ್ತು! ಬ್ಯಾಂಕಿನವರು ನಿಮ್ಮ ಹತ್ತಿರ ಹೊಲ ಇದೆಯಾ, ಮನೆ ಇದೆಯಾ ಅಂತ ಕೇಳ್ತಾರೆ, ನಾವು ನಿಮಗೆ ಅಕ್ಕತಂಗಿಯರು ಇದ್ದಾರಾ ಅಂತ ಕೇಳ್ತೀವಿ, ಎಂದಿದ್ದರು. ಆಗ ಅವಳೇ ಮೊದಲು ಮುಂದೆ ಬಂದು ಹೆಸರು ಬರೆಸಿದ್ದಳು. ಗಾರೆ ಕೆಲಸದ ಗಂಡ ಏಣಿಯಿಂದ ಬಿದ್ದು ಸೊಂಟ ಹಿಡಿದು ಮಲಗಿದ್ದ ಕಾಲ. ಕಂಡವರ ಮನೆಯ ಹರಿದ ಬಟ್ಟೆಗಳನ್ನು ಕೈಸೂಜಿಯಲ್ಲಿ ಹೊಲಿದು, ಕೊಟ್ಟಷ್ಟು ಇಸಿದುಕೊಂಡು, ಕೊಡದವರಿಗೆ ಹಲ್ಲು ಕಿರಿದು ಬರುತ್ತಿದ್ದ ಕಾಲ. ಆ ಮೊದಲ ಸಾಲದಲ್ಲಿ ಬಂದದ್ದು ಈ ಮೆಶಿನ್ನು. ಮೆಶಿನ್ನು ಬಂದ ಮೇಲೆ ಸೋರುವ ಸೂರಿಗೆ ಹೊಸ ತಗಡು ಬಂತು, ಗಂಡನ ಸೊಂಟಕ್ಕೆ ಪಟ್ಟಿ ಬಂತು, ಶಾಲೆಯ ಅಂಗಿಗಳ ಕೆಲಸ ಬಂತು. ಯಾರು ಏನೇ ಹೇಳಲಿ, ಬಂತು. ಸುಳ್ಳಲ್ಲ. ಆ ಸಾಲ ತನ್ನನ್ನು ಕೈಹಿಡಿದು ಎತ್ತಿ ನಿಲ್ಲಿಸಿದ್ದನ್ನು ಅವಳು ಇವತ್ತಿಗೂ ಅಲ್ಲಗಳೆಯಲಾರಳು. ಅಲ್ಲಗಳೆಯುವಂತಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಎಲ್ಲ ಆ ಕಂಪನಿಯವರ ಮೋಸ ಎಂದು ಬೈದು ಸುಮ್ಮನಾಗಬಹುದಿತ್ತು.

ಸಂಘದ ಐದನೆಯವಳೊಬ್ಬಳು ಊರು ಬಿಟ್ಟು ಜಾಗ ಖಾಲಿಯಾದಾಗ, ಆ ನಂಬಿಕೆಯಲ್ಲೇ ತಂಗಿಯನ್ನು ಸೇರಿಸಲು ಅವಳ ಮನೆಗೆ ಹೋಗಿದ್ದಳು. ತಂಗಿ ಆಗ ಕಂಡವರ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಗಂಡ ಕೆಲಸ ಹುಡುಕಿಕೊಂಡು ಹೋದವನು ವಾಪಸು ಬರುವ ದಾರಿಯನ್ನೇ ಮರೆತಿದ್ದ. ಉಗುರುಸಂದಿನ ಮಣ್ಣನ್ನು ಕಡ್ಡಿಯಿಂದ ತೆಗೆಯುತ್ತ, "ನಂಗೆ ಬೇಡ ಅಕ್ಕಾ. ಸಾಲ ನಂಗೆ ಒಗ್ಗಲ್ಲ. ಕೂಲಿಯಾದ್ರೆ ಸಂಜೆ ಮುಗಿಯುತ್ತೆ, ಮನೆಗೆ ಬಂದು ಮಲಗಬಹುದು. ಇದು ಮಲಗಿದ್ರೂ ತಲೆದಿಂಬಿನ ಕೆಳಗೇ ಇರುತ್ತೆ" ಎಂದಿದ್ದಳು. ಇವಳು ರೇಗಿದ್ದಳು. "ಹೀಗೇ ಬೆನ್ನು ಬಗ್ಗಿಸ್ಕೊಂಡೇ ಸಾಯ್ತೀಯಾ? ಮಗಳನ್ನೂ ಬಗ್ಗಿಸ್ತೀಯಾ? ನಾನಿದ್ದೀನಲ್ಲೇ." ನಾನಿದ್ದೀನಲ್ಲ ಎಂದ ಮೇಲೆ ತಂಗಿ ಒಪ್ಪಿಕೊಂಡಳು. ಚಿಕ್ಕಂದಿನಿಂದಲೂ ಅಷ್ಟೇ. ಅಮ್ಮ ಎನ್ನುವ ಮುಂಚೆ ಅಕ್ಕ ಎಂದವಳು. ಒಂದೇ ಹೊದಿಕೆಯಲ್ಲಿ ಮಲಗುವಾಗ ತಣ್ಣನೆಯ ಪಾದಗಳನ್ನು ಇವಳ ಮೀನಖಂಡಕ್ಕೆ ಒತ್ತಿಟ್ಟು ಬೆಚ್ಚಗಾದ ಮೇಲೆಯೇ ನಿದ್ದೆ ಹೋಗುತ್ತಿದ್ದವಳು. ಸಹಿ ಹಾಕುವಾಗಲೂ ಪೆನ್ನು ನಡುಗಿ, ಇವಳೇ ಮೊಣಕೈ ಹಿಡಿದುಕೊಂಡಿದ್ದಳು.

ಮೊಟ್ಟೆ ಕೋಳಿ ಸಾಕುವುದೆಂದಾಯಿತು. ಮನೆಯ ಹಿಂದೆ ಬಿದಿರು, ಜಾಲರಿ, ತಗಡು ಸೇರಿಸಿ ಗೂಡು ಕಟ್ಟಿದರು. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಇವಳ ಗಂಡನೇ ಬಂದು ನೆಲಕ್ಕೆ ಸಿಮೆಂಟು ಸಾರಿಸಿಕೊಟ್ಟ. ಎಷ್ಟು ಚೆನ್ನಾಗಿ ನಡೆಯಿತು! ಬೆಳಿಗ್ಗೆ ಮೊಟ್ಟೆಗಳನ್ನು ಆರಿಸುವಾಗ ತಂಗಿಯ ಮುಖ ನೋಡಬೇಕಿತ್ತು. ಬಿಸಿ ಆರದ ಮೊಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದಳು. ತಂಗಿಯ ಮಗಳು, ಎಲ್ಲರೂ ಗುಬ್ಬಿ ಎಂದು ಕರೆಯುವ ಆ ಪುಟ್ಟ ಹುಡುಗಿ, ಒಂದೊಂದು ಕೋಳಿಗೂ ಒಂದೊಂದು ಹೆಸರಿಟ್ಟು, ಹೆಸರು ಮರೆತುಹೋಗಿ, ಮಾರನೆಯ ದಿನ ಹೊಸ ಹೆಸರಿಡುತ್ತಿದ್ದಳು. ತಂಗಿಗೆ ಕೋಳಿಯಮ್ಮ ಎಂಬ ಹೆಸರು ಬಿತ್ತು, ಅವಳು ಅದಕ್ಕೆ ನಾಚಿಕೊಂಡು ನಗುತ್ತಿದ್ದಳು. ಆಮೇಲೆ ಎಲ್ಲೋ ದೂರದ ದೊಡ್ಡ ಫಾರಮ್ಮುಗಳಲ್ಲಿ ಎದ್ದ ರೋಗ ಇಲ್ಲಿಗೂ ಬಂತು. ತಂಗಿಯ ಕೋಳಿಗಳಿಗೆ ಬಂದಿತ್ತೋ ಇಲ್ಲವೋ ಯಾರೂ ನೋಡಲಿಲ್ಲ. ಸುತ್ತಲಿನ ಎಲ್ಲ ಕೋಳಿಗಳನ್ನೂ ತೆಗೆಯಬೇಕೆಂದು ಸರ್ಕಾರದ ಹುಕುಂ. ಬಿಳಿ ಅಂಗಿ, ಮುಖಕ್ಕೆ ಮುಸುಕು, ಕೈಗೆ ರಬ್ಬರು ಹಾಕಿಕೊಂಡ ಮಂದಿ ಬಂದು, ಕಾಲು ಹಿಡಿದು ಚೀಲಕ್ಕೆ ತುಂಬಿ, ಗುಂಡಿ ತೋಡಿ, ಸುಣ್ಣ ಸುರಿದು ಮುಚ್ಚಿದರು. ತಂಗಿ ಕಾಳಿನ ಬಕೆಟ್ಟು ಹಿಡಿದುಕೊಂಡೇ ನಿಂತಿದ್ದಳು. ಅದನ್ನು ಕೆಳಗಿಡು ಎಂದು ಯಾರೋ ಹೇಳಿದ ಮೇಲೂ ಇಡಲಿಲ್ಲ. ಪರಿಹಾರ ದೊಡ್ಡ ಫಾರಮ್ಮಿನವರಿಗೆ ಮಾತ್ರವಂತೆ, ಮನೆ ಹಿತ್ತಲಿನ ಕೋಳಿ ಲೆಕ್ಕಕ್ಕೆ ಬರುವುದಿಲ್ಲವಂತೆ. ಕಂತು ಮಾತ್ರ ಆ ವಾರವೂ ಲೆಕ್ಕಕ್ಕೆ ಬಂತು.

ಮೊದಮೊದಲು ಎಲ್ಲರೂ ಅಯ್ಯೋ ಪಾಪ ಎಂದರು. ಹಾಲಿನವಳು ತಾನಾಗಿ ಸ್ವಲ್ಪ ಹಾಕಿದಳು, ಅಂಗಡಿಯಾಕೆ ಸ್ವಲ್ಪ ಹಾಕಿದಳು. ಆಮೇಲೆ ಪಾಪ ಎನ್ನುವಾಗಿನ ದನಿ ಒಣಗತೊಡಗಿತು. "ನಮ್ಮನೇಲೇನು ಹೊಳೆ ಹರೀತಿದ್ಯಾ?" ಎಂದು ತರಕಾರಿಯವಳು ಕೇಳಿದ್ದು ಗಾಳಿಯನ್ನಾದರೂ, ನೋಡಿದ್ದು ಲೀಡರಮ್ಮನನ್ನು. ನಿಮ್ಮ ತಂಗಿಯಲ್ವಾ ಎಂದು ಬಾಯಿಬಿಟ್ಟು ಯಾರೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಜೊತೆಗೆ ಅವಳದೇ ಒಂದು ಸಾಲದ ಅರ್ಜಿ ಕಂಪನಿಯಲ್ಲಿ ಕೂತಿತ್ತು; ಇದನ್ನು ತನ್ನೊಳಗೆ ಹೇಳಿಕೊಳ್ಳುವಾಗಲೂ ಅವಳು ಬೇರೆ ಕಡೆ ಮುಖ ತಿರುಗಿಸುತ್ತಿದ್ದಳು. ಶಾಲೆಯವರು ಇನ್ನೂ ಎರಡು ಶಾಲೆಗಳ ಅಂಗಿ ಕೊಡುತ್ತೇವೆಂದಿದ್ದರು, ಅಂಚು ಹೊಲಿಯುವ ಓವರ್‌ಲಾಕ್ ಮೆಶಿನ್ನು ಇದ್ದರೆ. ಸಂಘದ ಬಾಕಿ ತೀರಿದ ಕೂಡಲೇ ಮಂಜೂರು ಎಂದಿದ್ದರು ಕಂತಿನ ಸರ್. ಆ ಮೆಶಿನ್ನು ಎಲ್ಲಿಡಬೇಕೆಂದು ಗೋಡೆಯ ಪಕ್ಕದ ಜಾಗವನ್ನೂ ಅವಳು ಖಾಲಿ ಮಾಡಿಟ್ಟಿದ್ದಳು.

ಹೋದ ವಾರ ತಂಗಿ ಮೀಟಿಂಗಿಗೆ ಬರಲೇ ಇಲ್ಲ. ಪೂರ್ತಿ ಕಂತು ಬರುವವರೆಗೆ ಯಾರೂ ಏಳುವಂತಿಲ್ಲ ಎಂದರು ಸರ್. ಒಲೆಯ ಮೇಲೆ ಇಟ್ಟುಬಂದದ್ದು, ತೊಟ್ಟಿಲಲ್ಲಿ ಬಿಟ್ಟುಬಂದದ್ದು, ಕಟ್ಟದೆ ಬಂದ ದನ ಎಲ್ಲ ಎಲ್ಲರಿಗೂ ನೆನಪಾಗತೊಡಗಿತು. ಸರ್ ಕೂಡ ಬೆವರುತ್ತಿದ್ದರು; ಅವರಿಗೂ ಮೇಲೊಬ್ಬ ಸರ್ ಇದ್ದ, ಫೋನು ಮತ್ತೆ ಮತ್ತೆ ಹೊಡೆದುಕೊಳ್ಳುತ್ತಿತ್ತು. "ನಡೀರಿ, ಅವಳ ಮನೆಗೇ ಹೋಗಿ ಕೂರೋಣ" ಎಂದದ್ದು ಯಾರು? ಹಾಲಿನವಳು ಎಂದು ಅವಳು ಎಷ್ಟೋ ಸಲ ನೆನಪಿಸಿಕೊಂಡಳು. ನೆನಪು ಒಪ್ಪಲಿಲ್ಲ. ಚಾಪೆಯನ್ನೂ ಸುತ್ತಿ ತಂದಿದ್ದರು. ತಂಗಿಯ ಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ಅಂಗಳದಲ್ಲಿ ಚಾಪೆ ಹಾಸಿಕೊಂಡು ಕೂತರು. ಬೀದಿಯಲ್ಲಿ ಹೋಗಿಬರುವವರು ನಿಂತು ನೋಡಿದರು. ತಂಗಿಯೆಂದು ಬಿಟ್ಟುಬಿಡ್ತಾಳೋ ಏನೋ ಎಂಬ ಅನುಮಾನ ಎಲ್ಲರ ಕಣ್ಣಲ್ಲೂ ಓಡಾಡುವುದು ಅವಳಿಗೆ ಕಾಣುತ್ತಿತ್ತು. ಬೆನ್ನು ಉರಿಯಿತು. ಆಗಲೇ ಬಾಗಿಲ ಕಡೆ ತಿರುಗಿ, ಗಟ್ಟಿಯಾಗಿ, ಕೈತಿರುವಿ ಹೇಳಿದ್ದಳು: "ಕೋಳಿ ಸತ್ರೆ ಸಾಲಾನೂ ಸಾಯುತ್ತೇನೇ? ಅದನ್ನೂ ಸುಣ್ಣ ಹಾಕಿ ಹೂತ್ಬಿಟ್ಯಾ?" ಎಲ್ಲರೂ ಗೊಳ್ಳೆಂದು ನಕ್ಕರು. ಕಂತಿನ ಸರ್ ಕೂಡ ಮುಖ ಬಗ್ಗಿಸಿ ನಕ್ಕರು. ಒಳಗೆ ಏನೋ ಪಾತ್ರೆ ಬಿದ್ದ ಸದ್ದಾಯಿತು, ಅದನ್ನು ಯಾರೋ ಥಟ್ಟನೆ ಹಿಡಿದು ಸುಮ್ಮನಾಗಿಸಿದಂತಾಯಿತು. ನಗು ಎಷ್ಟು ಹಿತವಾಗಿತ್ತೆಂದರೆ, ತನ್ನ ಮೇಲಿದ್ದ ಕಣ್ಣುಗಳೆಲ್ಲ ಒಮ್ಮೆಗೇ ಹಗುರಾದಂತೆ. ಆ ಹಿತವನ್ನು ನೆನೆದರೆ ಈಗ ಮೈ ಮುದುಡುತ್ತದೆ.

ಬಿಚ್ಚಿದ ಅಂಗಿ ಬದಿಗಿಟ್ಟು ಜಗುಲಿಯಲ್ಲಿ ಚಾಪೆ ಹಾಸುವಷ್ಟರಲ್ಲಿ ಹಾಲಿನವಳು ಬಂದಳು, ಅವಳ ಹಿಂದೆ ಉಳಿದಿಬ್ಬರು. ಇವತ್ತೂ ಅಲ್ಲಿಗೇ ಹೋಗಬೇಕೋ ಏನೋ ಎಂದು ತರಕಾರಿಯವಳು ಚಪ್ಪಲಿಯನ್ನು ಕೈಗೆಟಕುವಂತೆ ಬಿಟ್ಟಳು. ಬೈಕು ಬಂತು. ಸರ್ ಕುರ್ಚಿಯಲ್ಲಿ ಕೂತು ನೀರು ಕುಡಿದರು. ಪ್ರತಿ ಮೀಟಿಂಗಿಗೂ ಮೊದಲು ಸಂಘದ ಪ್ರತಿಜ್ಞೆ ಹೇಳಬೇಕು. ಎದ್ದು ನಿಂತು, ಒಬ್ಬರ ಕಷ್ಟಕ್ಕೆ ಒಬ್ಬರು ಹೆಗಲು ಕೊಡುತ್ತೇವೆ ಎಂದು ಎಲ್ಲರೂ ರಾಗವಾಗಿ ಶುರುಮಾಡಿದಾಗ, ಹಿಂದಿನಿಂದ ಐದನೆಯ ದನಿಯೊಂದು ಸೇರಿಕೊಂಡಿತು. ತಂಗಿ. ತಲೆ ಬಾಚಿ, ಒಗೆದ ಬಟ್ಟೆ ಉಟ್ಟು ನಿಂತಿದ್ದಳು. ಸಪ್ಪೆ ಮುಖವಲ್ಲ, ಸಿಟ್ಟಿನ ಮುಖವೂ ಅಲ್ಲ. ದೂರದ ಪ್ರಯಾಣಕ್ಕೆ ಹೊರಟವರ ಮುಖ ಹಾಗಿರುತ್ತದೆ ಎಂದು ಅವಳಿಗೆ ಹೊಳೆದದ್ದು ಎಷ್ಟೋ ಹೊತ್ತಿನ ಮೇಲೆ. ಪ್ರತಿಜ್ಞೆ ಮುಗಿಯಿತು. ತಂಗಿ ನೇರ ಬಂದು, ಮಡಿಸದ ಹೊಸ ನೋಟುಗಳ ಕಟ್ಟನ್ನು ಅಕ್ಕನ ಮುಂದೆ ಚಾಪೆಯ ಮೇಲಿಟ್ಟಳು.

"ಎಣಿಸ್ಕೊಳ್ಳಿ."

ಅವಳಿಗೆ ಮೊದಲು ಕೇಳಿಸಿದ್ದು ದುಡ್ಡಿನ ಮಾತು. ಪದದ ಕೊನೆ ಕಿವಿಗೆ ಬಿದ್ದದ್ದು ಒಂದು ಗಳಿಗೆ ತಡವಾಗಿ. ಎಣಿಸ್ಕೊಳ್ಳಿ. ಎಣಿಸ್ಕೋ ಅಲ್ಲ. ಸರ್‌ಗೆ ಹೇಳಿರಬೇಕು ಎಂದು ತಲೆ ಎತ್ತಿದಳು. ತಂಗಿ ತನ್ನನ್ನೇ ನೋಡುತ್ತಿದ್ದಳು.

"ಇಷ್ಟೊಂದು ಎಲ್ಲಿಂದ ತಂದ್ಯೇ?"

"ಪೂರ್ತಿ ಸಾಲಕ್ಕೆ ಆಗುತ್ತೆ. ನೀವು ಎಣಿಸಿ. ನಾನು ಸಂಘ ಬಿಡ್ತಿದ್ದೀನಿ, ಅದಕ್ಕೆ ಎಲ್ಲಿ ಸಹಿ ಹಾಕ್ಬೇಕು ತೋರಿಸಿ."

"ಏನೇ ಇದು ನೀವು ತಾವು ಅಂತ... ಹುಚ್ಚು ಹಿಡಿದಿದ್ಯಾ ನಿಂಗೆ?" ಎಂದು ಅವಳು ನಗಲು ನೋಡಿದಳು. ಜೊತೆಗೆ ಯಾರೂ ನಗಲಿಲ್ಲ. ಅಂಗಡಿಯಾಕೆ ಚಾಪೆಯ ಎಳೆಯೊಂದನ್ನು ಕೀಳುತ್ತಿದ್ದಳು. "ಕೊಡಿ, ನಾನೇ ಎಣಿಸ್ತೀನಿ" ಎಂದು ಸರ್ ಕಟ್ಟನ್ನು ಎತ್ತಿಕೊಂಡರು. ಬೆರಳಿಗೆ ಎಂಜಲು ಹಚ್ಚಿ ಅವರು ನೋಟು ತಿರುವುವಷ್ಟು ಹೊತ್ತು ತಂಗಿ ನಿಂತೇ ಇದ್ದಳು, ಕಚೇರಿಯ ಕಿಟಕಿಯ ಮುಂದೆ ನಿಲ್ಲುವಂತೆ. ಸಹಿ ಹಾಕುವಾಗ ಪೆನ್ನು ನಡುಗಲಿಲ್ಲ. "ಬರ್ತೀನಿ ಸರ್" ಎಂದು ಸರ್‌ಗೆ ಹೇಳಿದಳು. ಅಕ್ಕನ ಕಡೆ ತಿರುಗಿ, ಹಾಲಿನವಳಿಗೂ ತರಕಾರಿಯವಳಿಗೂ ಮಾಡುವಂತೆಯೇ ಸಣ್ಣಗೆ ತಲೆಯಾಡಿಸಿ, ಮೆಟ್ಟಿಲಿಳಿದಳು. ಏ ನಿಲ್ಲೇ ಎನ್ನಬೇಕಿತ್ತು. ಹಿಂದೆ ಓಡಿಹೋಗಿ ರಟ್ಟೆ ಹಿಡಿದು ಎಳೆದು, ಕೆನ್ನೆಗೆ ಒಂದು ಬಾರಿಸಿ, ಅಳಿಸಿ, ತಾನೂ ಅಳಬೇಕಿತ್ತು. ಅವಳು ಕುರ್ಚಿಯ ಪಕ್ಕ ಕೂತೇ ಇದ್ದಳು. "ನೋಡಿದ್ರಾ ಲೀಡರಮ್ಮ, ಮನಸ್ಸು ಮಾಡಿದ್ರೆ ಎಲ್ಲರ ಹತ್ರಾನೂ ಇರುತ್ತೆ" ಎಂದರು ಸರ್, ಕಳೆದ ವಾರದ ಬೆವರನ್ನೆಲ್ಲ ಮರೆತವರಂತೆ. "ಇನ್ನು ನಿಮ್ಮ ಮೆಶಿನ್ನಿಗೆ ಅಡ್ಡಿ ಇಲ್ಲ. ನಾಳೇನೇ ಮೇಲೆ ಕಳಿಸ್ತೀನಿ." ಅವಳು ತಲೆಯಾಡಿಸಿದಳು. ಇದನ್ನು ಯಾರಿಗೂ ಹೇಳಲಾರಳು: ಆ ಮಾತು ಕೇಳಿದಾಗ, ಒಂದೇ ಒಂದು ಕ್ಷಣ, ಎದೆಯೊಳಗೆ ಏನೋ ಅರಳಿತ್ತು.

ಎಲ್ಲರೂ ಹೋದ ಮೇಲೆ ಚಾಪೆ ಸುತ್ತದೆ ಹಾಗೇ ಕೂತಳು. ಗಂಡ ಒಳಗಿನಿಂದ ಬಂದು ಗೋಡೆಗೆ ಒರಗಿದ. ಮಾತು ಕಡಿಮೆಯ ಮನುಷ್ಯ. "ಅವಳ ಹತ್ರ ಹೋಗಿ ಬಾ" ಎಂದ. ಏನಂತ ಹೋಗಲಿ ಎಂದು ಅವಳು ಸಿಡುಕಿದಳು. ದುಡ್ಡು ಬಂದಾಯಿತು, ಮುಗಿಯಿತು, ನಾಲ್ಕು ದಿನ ಮುನಿಸು, ಆಮೇಲೆ ತಾನಾಗೇ ಬರುತ್ತಾಳೆ, ಚಿಕ್ಕವಳಿದ್ದಾಗಲೂ ಮೂಲೆಯಲ್ಲಿ ಕೂತು ಮುನಿಸಿಕೊಂಡು ಹಸಿವಾದ ಕೂಡಲೇ ಬರುತ್ತಿರಲಿಲ್ಲವೇ ಎಂದೆಲ್ಲ ಹೇಳಿದಳು. ಗಂಡ ಕೇಳಿಸಿಕೊಂಡು, ಮತ್ತೆ ಅದನ್ನೇ ಹೇಳಿದ. ಮುಖ ತೊಳೆದುಕೊಂಡಳು. ಬರಿಗೈಲಿ ಹೋಗುವುದು ಹೇಗೆಂದು ಡಬ್ಬಿಗಳ ಮುಚ್ಚಳ ತೆಗೆದು ನೋಡಿದಳು. ಏನು ಒಯ್ದರೂ ಅದು ಲಂಚದಂತೆ ಕಾಣುತ್ತದೆ ಎನಿಸಿ ಮುಚ್ಚಳಗಳನ್ನೆಲ್ಲ ಮತ್ತೆ ಹಾಕಿದಳು. ಕಾಲಿಗೆ ಬೀಳುತ್ತೇನೆ ಎಂದುಕೊಂಡಳು. ಬೀದಿಗೆ ಇಳಿದ ಮೇಲೆ, ಕಾಲಿಗೆ ಬಿದ್ದರೆ ತಂಗಿಗೆ ಇನ್ನೂ ಕಸಿವಿಸಿಯಾಗುತ್ತದೆ, ಸುಮ್ಮನೆ ಪಕ್ಕದಲ್ಲಿ ಹೋಗಿ ಕೂತರೆ ಸಾಕು ಎಂದುಕೊಂಡಳು. ಹೇಳಬೇಕಾದ ಮಾತನ್ನು ಹೆಜ್ಜೆಹೆಜ್ಜೆಗೂ ಬದಲಾಯಿಸುತ್ತ ನಡೆಯುತ್ತಿರುವಾಗ ಅಂಗಡಿಯಾಕೆ ಗಲ್ಲಾದ ಹಿಂದಿನಿಂದ ಕರೆದಳು.

"ಬಸ್ಸು ಹತ್ತಿಸಿ ಬಂದ್ರಾ ಲೀಡರಮ್ಮಾ?"

"ಯಾರನ್ನ?"

ಅಂಗಡಿಯಾಕೆಯ ಮುಖದಲ್ಲಿ ಕುತೂಹಲ ಎದ್ದು, ಅದನ್ನವಳು ಬೇಗನೆ ಕರುಣೆಯೊಳಗೆ ಮಡಚಿಟ್ಟಳು. "ನಿಮ್ಮ ತಂಗೀನ. ಮಧ್ಯಾಹ್ನದ ಬಸ್ಸಿಗೆ ಹೋದ್ರಲ್ಲ. ಸಿಟೀಲಿ ಯಾರೋ ಹಾಸಿಗೆ ಹಿಡಿದವರನ್ನ ನೋಡ್ಕೊಳ್ಳೋ ಕೆಲಸವಂತೆ. ಅಲ್ಲೇ ಇರ್ಬೇಕಂತೆ, ಮಧ್ಯೆ ಬಿಡೋಹಾಗಿಲ್ಲವಂತೆ. ಮುಂಗಡ ಕೊಟ್ಟಿದ್ದಾರಲ್ಲ, ಅದು ತೀರೋವರೆಗೆ. ನಿಮಗೆ... ನಿಮಗೆ ಹೇಳೇ ಹೇಳಿರ್ತಾರೆ ಅಂದ್ಕೊಂಡೆ."

"ಹೂಂ, ಹೇಳಿದ್ಲು" ಎಂದಳು ಅವಳು. ಸುಳ್ಳು ಎಷ್ಟು ಸಲೀಸಾಗಿ ಬಂತು. ಆ ಹೊತ್ತಿನಲ್ಲೂ ಅಂಗಡಿಯಾಕೆಯ ಮುಂದೆ ಮರ್ಯಾದೆ ಉಳಿಸಿಕೊಳ್ಳಬೇಕೆನಿಸಿತಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು. ಮುಂಗಡ. ಆ ಹೊಸ ನೋಟುಗಳು. ಅವುಗಳ ವಾಸನೆ ಇನ್ನೂ ಜಗುಲಿಯಲ್ಲಿತ್ತು. ಒಂದು ಸಾಲ ತೀರಿಸಲು ತಂಗಿ ತನ್ನನ್ನೇ ತೆಗೆದುಕೊಂಡು ಹೋಗಿ ಅಡವಿಟ್ಟಿದ್ದಳು. ಹಾಗಾದರೆ ಗುಬ್ಬಿ? ಕಾಲು ತಾನಾಗಿ ಓಡತೊಡಗಿತು. ಗುಬ್ಬಿಯನ್ನೂ ಕರೆದುಕೊಂಡು ಹೋಗಿರುತ್ತಾಳೆ. ಇಲ್ಲ, ಹಾಸಿಗೆ ಹಿಡಿದವರ ಮನೆಗೆ ಮಗುವನ್ನು ಯಾರು ಸೇರಿಸುತ್ತಾರೆ. ಹಾಗಾದರೆ ತನ್ನ ಮನೆಗೇ ಕಳಿಸಿರಬೇಕು, ತಾನು ಈ ದಾರಿಯಲ್ಲಿ ಬರುವಾಗ ಮಗು ಆ ದಾರಿಯಲ್ಲಿ ಹೋಗಿರಬೇಕು, ಈಗ ಜಗುಲಿಯಲ್ಲಿ ಬಟ್ಟೆಯ ಗಂಟು ಮಡಿಲಲ್ಲಿಟ್ಟುಕೊಂಡು ಕೂತಿರುತ್ತದೆ. ಹಾಗೆ ಯೋಚಿಸಿದಾಗ ಕಣ್ಣು ತುಂಬಿ ಬಂತು. ಬೆಳೆಸುತ್ತೇನೆ. ಚೆನ್ನಾಗಿ ಬೆಳೆಸುತ್ತೇನೆ. ಬಿಳಿ ಅಂಗಿ ಹೊಲಿದು ಹಾಕಿ ಶಾಲೆಗೆ ನಾನೇ ಕೈಹಿಡಿದು ಬಿಟ್ಟುಬರುತ್ತೇನೆ. ಅವಳು ಬರುವಷ್ಟರಲ್ಲಿ ನೋಡು, ನಿನ್ನ ಮಗಳು ಎಂದು ಮುಂದೆ ನಿಲ್ಲಿಸುತ್ತೇನೆ.

ತಂಗಿಯ ಮನೆಗೆ ಬೀಗ. ಎದುರು ಮನೆಯ ಹೊಸಿಲ ಮೇಲೆ ಪೊರಕೆ ಕಟ್ಟುವ ಅಜ್ಜಿ ಕೂತು ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ಸಮ ಮಾಡುತ್ತಿದ್ದಳು. ಅವಳ ಹಿಂದೆ, ಒಳಗಿನ ಕತ್ತಲಲ್ಲಿ, ಗುಬ್ಬಿ ದಾರದ ಉಂಡೆ ಹಿಡಿದು ಕೂತಿತ್ತು. ಅಜ್ಜಿ ತಲೆ ಎತ್ತಿ ನೋಡಿ, ಮತ್ತೆ ಕಡ್ಡಿ ಕುಟ್ಟಿದಳು.

"ನಾನು ಕರ್ಕೊಂಡು ಹೋಗ್ತೀನಿ ಅಜ್ಜಿ. ನಿಮಗ್ಯಾಕೆ ತೊಂದರೆ."

"ತೊಂದರೆ ಏನಿಲ್ಲಮ್ಮ. ನಂಗೂ ಒಬ್ಬಳಿಗೇ ಬೇಜಾರು."

"ಅಲ್ಲ ಅಜ್ಜಿ, ನಾನಿರುವಾಗ... ನೋಡಿದವರು ಏನಂತಾರೆ? ನೀವಾದ್ರೂ ಅವಳಿಗೆ ಹೇಳ್ಬಾರ್ದಿತ್ತಾ?"

ಅಜ್ಜಿ ಹೇಳಲೋ ಬೇಡವೋ ಎಂಬಂತೆ ಪೊರಕೆಗೆ ದಾರ ಸುತ್ತಿದಳು. ಹಲ್ಲಿಲ್ಲದ ಒಸಡಿನಲ್ಲಿ ಅದರ ತುದಿ ಕಚ್ಚಿ ಎಳೆದು ಗಂಟು ಹಾಕಿದಳು. "ಹೇಳ್ದೆ ಕಣಮ್ಮ. ಅಕ್ಕ ಇದ್ದಾಳಲ್ಲೇ, ಅಲ್ಲಿ ಬಿಟ್ಟುಹೋಗು ಅಂದೆ." ಇನ್ನೊಂದು ಹಿಡಿ ಕಡ್ಡಿ ಎತ್ತಿಕೊಂಡಳು.

"ಏನಂದ್ಲು?"

"ಹೋಗ್ಲಿ ಬಿಡು."

"ಏನಂದ್ಲು ಅಜ್ಜಿ, ಹೇಳಿ."

"'ಅಕ್ಕ ಇದ್ದಿದ್ರೆ ಅಲ್ಲೇ ಬಿಡ್ತಿದ್ದೆ ಅಜ್ಜಿ' ಅಂದ್ಲು." ಅಜ್ಜಿಯ ದನಿಯಲ್ಲಿ ದೂರಿರಲಿಲ್ಲ. "ಅತ್ತಿದ್ರೆ ಸಿಟ್ಟಲ್ಲಿ ಅಂದ್ಲು ಅನ್ನಬಹುದಿತ್ತು. ಅಳಲಿಲ್ಲ. ಊರು ಬಿಟ್ಟುಹೋದವರ ಬಗ್ಗೆ ಹೇಳ್ತಾರಲ್ಲ, ಹಂಗೆ ಹೇಳಿದ್ಲು."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬಿಸಿಲು ಬೆನ್ನ ಮೇಲೆ ಬೀಳುತ್ತಿತ್ತು. ಏನೋ ಒಂದು ಕೆಲಸ ಬೇಕಾಗಿತ್ತು ಕೈಗೆ. ಬಗ್ಗಿ, ಒಳಗಿನ ಕತ್ತಲಿಗೆ ಕೈಚಾಚಿ, "ಬಾರೇ ಗುಬ್ಬಿ, ದೊಡ್ಡಮ್ಮ ಬಂದಿದ್ದೀನಿ" ಎಂದಳು. ಗುಬ್ಬಿ ಎದ್ದು ನಿಂತಿತು. ದಾರದ ಉಂಡೆಯನ್ನು ಎದೆಗೆ ಒತ್ತಿಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವ ಮಕ್ಕಳ ರಾಗದಲ್ಲಿ, ಇವಳ ಮುಖವನ್ನಲ್ಲ, ಮುಖದ ಪಕ್ಕದ ಗಾಳಿಯನ್ನು ನೋಡುತ್ತ ಹೇಳಿತು: "ಅಮ್ಮ ಮನೇಲಿಲ್ಲ. ಎಲ್ಲಿ ಹೋಗಿದ್ದಾಳೋ ಗೊತ್ತಿಲ್ಲ. ಯಾವಾಗ ಬರ್ತಾಳೋ ಗೊತ್ತಿಲ್ಲ." ಒಂದು ಪದವೂ ತಡವರಿಸಲಿಲ್ಲ. ಎಷ್ಟು ವಾರ, ಯಾರು ಯಾರು ಬಾಗಿಲು ತಟ್ಟಿದಾಗ, ಒಳಗೆ ಉಸಿರು ಬಿಗಿಹಿಡಿದು ಕೂತ ತಾಯಿ ಈ ಮಗುವನ್ನು ಹೊರಗೆ ಕಳಿಸಿ ಇದನ್ನು ಹೇಳಿಸಿದ್ದಳೋ. ಇವತ್ತು ಅದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ. ಮಗುವಿಗೆ ಅದು ಗೊತ್ತಿರಲಿಲ್ಲ.

"ಗೊತ್ತು ಕಂದಾ. ನಾನು ದುಡ್ಡು ಕೇಳೋಕೆ ಬಂದಿಲ್ಲ."

ಗುಬ್ಬಿ ಯೋಚಿಸಿತು. "ಮತ್ತೆ ಯಾಕೆ ಬಂದ್ರಿ?"

ಬಂದ್ರಿ. ತಾಯಿಯಿಂದ ಕಲಿತಿತ್ತೋ, ತಾನಾಗಿ ಬಂದಿತ್ತೋ. "ನಿನ್ನ ಕರ್ಕೊಂಡು ಹೋಗೋಕೆ ಕಣೇ" ಎಂದು ಹೊಸಿಲು ದಾಟಿ ಒಂದು ಹೆಜ್ಜೆ ಇಟ್ಟಳು ಅಷ್ಟೇ. ಮಗುವಿನ ಮುಖ ಕಿವುಚಿಹೋಯಿತು. ಉಂಡೆ ಕೈಯಿಂದ ಜಾರಿ ಉರುಳಿತು. ಅಜ್ಜಿಯ ಬೆನ್ನಿಗೆ ಅಪ್ಪಳಿಸಿ, ಅವಳ ಬಟ್ಟೆಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, ಕೋಳಿಗಳನ್ನು ಕಾಲು ಹಿಡಿದು ಚೀಲಕ್ಕೆ ಹಾಕುವುದನ್ನು ನೋಡಿದ ಮಗು, ಉಸಿರು ಸಿಕ್ಕಿಹಾಕಿಕೊಳ್ಳುವಂತೆ ಕಿರುಚತೊಡಗಿತು. "ಬೇಡ, ಕರ್ಕೊಂಡು ಹೋಗ್ಬೇಡಿ! ಅಮ್ಮ ಎಲ್ಲಾ ಕೊಟ್ಟಾಗಿದೆ ಅಂದ್ಲು! ಪೂರ್ತಿ ಕೊಟ್ಟಾಗಿದೆ, ಏನೂ ಬಾಕಿ ಇಲ್ಲ ಅಂದ್ಲು!"

ಅಜ್ಜಿ ಕೈ ಹಿಂದೆ ಚಾಚಿ ಮಗುವಿನ ತಲೆ ತಡವಿದಳು. ಬೀದಿಯಲ್ಲಿ ಯಾರೋ ನಿಂತರು. ಅವಳು ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಅಲ್ಲ ಕಣೇ, ಅದಲ್ಲ, ನಾನು ನಿನ್ನ ದೊಡ್ಡಮ್ಮ, ನಿಮ್ಮಮ್ಮ ನನ್ನ ಕಾಲಿಗೆ ಕಾಲು ಒತ್ತಿಕೊಂಡು ಮಲಗುತ್ತಿದ್ದಳು ಎಂದೆಲ್ಲ ಹೇಳಬೇಕಿತ್ತು. ಅದರಲ್ಲಿ ಯಾವುದೂ ಆ ಅಳುವನ್ನು ನಿಲ್ಲಿಸುವಂಥ ಮಾತಾಗಿರಲಿಲ್ಲ. ನಿಲ್ಲಿಸುವಂಥದು ಒಂದೇ ಒಂದಿತ್ತು. ಅಂಗಳಕ್ಕಿಳಿದು, ಮಗುವಿಗೆ ಕಾಣುವಷ್ಟು ದೂರ ಸರಿದು ನಿಂತು, ಎರಡೂ ಖಾಲಿ ಕೈಗಳನ್ನು ಎತ್ತಿ ತೋರಿಸಿ, ಸಂಘದ ಲೀಡರು ಹೇಳಬೇಕಾದ ದನಿಯಲ್ಲೇ ಹೇಳಿದಳು:

"ಹೌದು ಪುಟ್ಟಾ. ನಿಮ್ಮಮ್ಮ ಎಲ್ಲಾ ಕೊಟ್ಟಿದ್ದಾಳೆ. ಏನೂ ಬಾಕಿ ಇಲ್ಲ."

ಬಿಕ್ಕುತ್ತ ಬಿಕ್ಕುತ್ತ ಗುಬ್ಬಿ ಅದನ್ನು ಕೇಳಿಸಿಕೊಂಡಿತು. ನಿಜವೇ ಎಂದು ಅಜ್ಜಿಯ ಮುಖ ನೋಡಿತು. ನಿಧಾನವಾಗಿ ಅಳು ನಿಂತಿತು.